ಲಿನಕ್ಸ್ ಹಾಕಿದ ದಿನದ ಲಗ್ನಪತ್ರಿಕೆ

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಮುಂಬಯಿಗೆ ಬಂದವನು ನಾನು. ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಲೇ, ಮಧ್ಯಾಹ್ನದ ಬಿಡುವಿನಲ್ಲಿ ಪಕ್ಕದ ಪ್ರೆಸ್ಸಿನಲ್ಲಿ ಕೂತು ಕನ್ನಡ ಟೈಪಿಂಗ್ ಕಲಿತೆ. ಈಗ ಆಂಟಾಪ್ ಹಿಲ್‌ನಲ್ಲಿ ನನ್ನದೇ ಅಂಗಡಿ. ನಮ್ಮವರ ಮದುವೆ, ಗೃಹಪ್ರವೇಶದ ಕಾಗದಗಳೆಲ್ಲ ನನ್ನ ಕೈಯಲ್ಲೇ ತಯಾರಾಗುವುದು. ಕಂಪ್ಯೂಟರ್ ಕೆಟ್ಟರೆ ರಿಪೇರಿಯವನನ್ನು ಕರೆದವನಲ್ಲ.

ಕಂಪ್ಯೂಟರಿಗೆ ವಯಸ್ಸಾಗಿತ್ತು. ಬಟನ್ ಒತ್ತಿ ಹೋಗಿ ಚಾ ಕುಡಿದು ಬಂದರೂ ಎದ್ದಿರುತ್ತಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಒಂದು ಪೆನ್ ಡ್ರೈವ್ ತಂದುಕೊಟ್ಟಳು.

"ಪಪ್ಪಾ, ಇದರಲ್ಲಿ ಲಿನಕ್ಸ್ ಇದೆ, ಕಂಪ್ಯೂಟರ್ ನಡೆಸುವ ಬೇರೆ ಸಿಸ್ಟಮ್. ಫ್ರೀ. ಪೆಹಲೆ ಇದರಿಂದಲೇ ನಡೆಸಿ ನೋಡಿ, ಇಷ್ಟ ಆದ್ರೆ ಹಾಕಿ."

"ಫ್ರೀ ಕೊಡುವವರಿಗೆ ಎಂತ ಲಾಭ?"

"ಪತಾ ನಹೀ ಪಪ್ಪಾ. ಜನ ಸೇರಿ ಮಾಡ್ತಾರೆ, ಹಂಚ್ತಾರೆ."

ಕೊಳ್ಳುವ ಮೊದಲೇ ರುಚಿ ನೋಡಲು ಬಿಡುವ ಸಾಮಾನು ನನಗೆ ಹಿಡಿಸಿತು. ಎರಡು ದಿನ ಆಡಿಸಿ ನೋಡಿದೆ. ಮೂರನೆಯ ಬೆಳಿಗ್ಗೆ ಫೈಲುಗಳನ್ನೆಲ್ಲ ಬೇರೆ ಡ್ರೈವಿಗೆ ಇಳಿಸಿ, ಹಳೆಯ ಸಿಸ್ಟಮನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕಿದೆ. ಮುದಿ ಯಂತ್ರ ಚಾ ತರಿಸುವ ಮೊದಲೇ ಎದ್ದು ಕೂತಿತು.

ಅಂದು ನಾಲ್ಕು ಗಂಟೆಗೆ ಕುರ್ಲಾದ ಹೋಟೆಲ್ ಮ್ಯಾನೇಜರೊಬ್ಬರು ಮಗಳ ಲಗ್ನಪತ್ರಿಕೆಯ ಮೊದಲ ಪ್ರತಿ ನೋಡಲು ಬರುವವರಿದ್ದರು. ನಮ್ಮಲ್ಲಿ ಪತ್ರಿಕೆಯ ಕೆಳಗಿನ ಹೆಸರುಗಳ ಸಾಲು ಸಣ್ಣ ವಿಷಯವಲ್ಲ. ಸೋದರಮಾವ ಮೇಲೋ ದೊಡ್ಡಪ್ಪ ಮೇಲೋ ಎಂದು ಅವರ ಮನೆಯಲ್ಲಿ ನಾಲ್ಕು ದಿನ ಜಗಳ ನಡೆದಿತ್ತು. ಕ್ರಮ ಬದಲಾದಾಗಲೆಲ್ಲ ಅವರು ಫೋನಿನಲ್ಲಿ ಹೇಳಿದರು, ನಾನು ಫೈಲಿನಲ್ಲೇ ತಿದ್ದಿದೆ. ಹನ್ನೊಂದು ಹೆಸರುಗಳು ನನಗೆ ಗೊತ್ತು, ಕೊನೆಗೆ ಒಪ್ಪಿದ ಕ್ರಮ ಮಾತ್ರ ನೆನಪಿಲ್ಲ. ಮತ್ತೆ ಕೇಳಿದರೆ ಜಗಳ ಮತ್ತೆ ಶುರು, ನನ್ನ ಮರ್ಯಾದೆಯೂ ಹೋದಂತೆ.

ಫೈಲು ತೆರೆದೆ. ಒಂದು ಕನ್ನಡ ಅಕ್ಷರವೂ ಇಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕೆ, ಬಾಲ.

ಹೆದರಿಕೆಗಿಂತ ಮೊದಲು ಆಶ್ಚರ್ಯವಾಯಿತು. ಇಷ್ಟು ವರ್ಷ ಟೈಪ್ ಮಾಡಿದ ಅಕ್ಷರ ಎಲ್ಲಿತ್ತು ಹಾಗಾದರೆ? ಇನ್ನೊಂದು ಫೈಲು ತೆರೆದೆ, ಮತ್ತೊಂದು ತೆರೆದೆ. ಎಲ್ಲದರ ತಲೆಯಲ್ಲೂ ಒಂದು ಪುಟ್ಟ ಎರಡರ ಅಂಕಿ, ಅದರ ಪಕ್ಕ ಒಂದಕ್ಕೊಂದು ಅಂಟಿಕೊಂಡ ಎ ಮತ್ತು ಇ, ಆಮೇಲೆ ತಲೆಯ ಮೇಲೆ ಅಲೆ ಹೊತ್ತ ದೊಡ್ಡ ಎ. ಎಲ್ಲ ಪತ್ರಿಕೆಯ ತಲೆಯಲ್ಲೂ ಇರುವುದು ಒಂದೇ. ಇದು 'ಶ್ರೀ'.

ಆಗ ತಿಳಿಯಿತು. ಫೈಲಿನಲ್ಲಿದ್ದದ್ದು ಬರೀ ಗುರುತು. ಅದಕ್ಕೆ ಕನ್ನಡದ ರೂಪ ಕೊಡುತ್ತಿದ್ದ ಫಾಂಟ್ ಹಳೆಯ ಸಿಸ್ಟಮಿನಲ್ಲಿತ್ತು, ಅದರ ಸೀಡಿ ಎಂದೋ ಕಳೆದಿತ್ತು. ಅಕ್ಕಿ ಜೋಪಾನ ಮಾಡಿ ಪಾತ್ರೆ ಎಸೆದಿದ್ದೆ.

ಗೋಡೆಗೆ ತೂಗುಹಾಕಿದ್ದ ಹಳೆಯ ಪತ್ರಿಕೆಯೊಂದನ್ನು ಇಳಿಸಿ, ಅದರದೇ ಫೈಲು ತೆರೆದು, ಯಾವ ಗುರುತಿಗೆ ಯಾವ ಅಕ್ಷರ ಎಂದು ಕಾಗದದ ಮೇಲೆ ಒಂದೊಂದಾಗಿ ಹೊಂದಿಸುತ್ತ ಹೋದೆ. ಊಟದ ನೆನಪೇ ಆಗಲಿಲ್ಲ. ಎರಡೂವರೆಯ ಹೊತ್ತಿಗೆ ಆ ಗೀಚುಗಳೊಳಗಿನಿಂದ ಸೋದರಮಾವ ಎದ್ದುಬಂದರು, ಎಲ್ಲರಿಗಿಂತ ಮೇಲೆ. ಲಿನಕ್ಸಿನಲ್ಲೇ ಇದ್ದ ಕನ್ನಡ ಕೀಲಿಮಣೆ ಹಾಕಿ ಪತ್ರಿಕೆಯನ್ನು ಹೊಸದಾಗಿ ಹೊಡೆದೆ.

ಮ್ಯಾನೇಜರು ಬಂದವರೇ ನಾನು ಗುರುತು ಹೊಂದಿಸಿದ ಕಾಗದ ನೋಡಿದರು. "ಎಂತ ಮಾರಾಯ್ರೆ, ಜಾತಕ ಬರೀಲಿಕ್ಕೆ ಶುರು ಮಾಡಿದ್ರಾ?"

"ಹೌದು, ಕಂಪ್ಯೂಟರಿನದ್ದು."

ಅವರು ಪತ್ರಿಕೆಯ ಮೊದಲ ಪ್ರತಿಯ ಮೇಲೆ ಬೆರಳಿಟ್ಟು ಹೆಸರುಗಳನ್ನು ಓದಿದರು. ದೊಡ್ಡಪ್ಪನ ಹತ್ತಿರ ಬೆರಳು ಸ್ವಲ್ಪ ನಿಂತಿತು.

"ಸರಿ ಉಂಟು," ಎಂದರು. "ಇದನ್ನು ಮನೆಗೆ ತಕೊಂಡು ಹೋಗುವುದಿಲ್ಲ ನಾನು. ಮತ್ತೆ ಯಾರಾದ್ರೂ ನೋಡಿದ್ರೆ ಕಷ್ಟ. ನನ್ನ ಎದುರೇ ಪ್ರಿಂಟಿಗೆ ಹಾಕಿ."