ಬೆಟ್ಟದ ಬುಡದಲ್ಲಿ ಒಂಬತ್ತು ಶ್ರಾವಣ

ಪುಟ್ಟೀ, ಚಿನ್ನೂ, ನಿಮ್ಮ ತಾತ ತೀರಿಕೊಂಡ ವರ್ಷ ನಮ್ಮ ಮನೆಯವರು ಯಾರೂ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಲಿಲ್ಲ. ಸಾವಾದ ಮನೆಯವರು ವರ್ಷ ತುಂಬುವವರೆಗೆ ಬೆಟ್ಟದ ದೇವರಿಗೆ ಹೋಗಬಾರದು. ಮರುವರ್ಷದ ಶ್ರಾವಣ ಶನಿವಾರ ಎಲ್ಲರೂ ಅರಸೀಕೆರೆಯಿಂದ ಆಟೋ ಮಾಡಿಕೊಂಡು ಹೋದೆವು. ನಾನು ಮೆಟ್ಟಿಲ ಬಳಿ ನಿಂತುಬಿಟ್ಟೆ. ಗಂಡ ಸತ್ತವಳಿಗೂ ಅದೇ ಒಂದು ವರ್ಷವೋ, ಬೇರೆ ಕಟ್ಟಳೆಯೋ ಗೊತ್ತಿರಲಿಲ್ಲ. ಕೇಳಲು ನಾಚಿಕೆ. ಯಾರಾದರೂ ‘ಬಾ’ ಎಂದರೆ ಹೊರಡೋಣ ಎಂದುಕೊಂಡೆ. ಯಾರೂ ಅನ್ನಲಿಲ್ಲ; ಚಪ್ಪಲಿಗಳನ್ನು ನನ್ನ ಮುಂದೆ ಬಿಟ್ಟು ಹತ್ತಿದರು. ಹಾಗೇ ಒಂಬತ್ತು ಶ್ರಾವಣ ಚಪ್ಪಲಿ ಕಾದೆ.

ಕಳೆದ ಅವರೆ ಕಾಲದಲ್ಲಿ, ಪುಟ್ಟಿ, ನೀನು ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದೆ. ನಾನು ಪಕ್ಕದಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. ಜಪಾನಿನ ಪಾಠ. ಅಲ್ಲಿ ಹಿಂದಿನ ಕಾಲದಲ್ಲಿ ಬೆಟ್ಟವೇ ದೇವರಂತೆ. ಒಬ್ಬ ರಾಜಕುಮಾರ ಹೆಂಡತಿಯೊಡನೆ ಬೆಟ್ಟಸೀಮೆಯಲ್ಲಿ ತಲೆಮರೆಸಿಕೊಂಡಿದ್ದು, ಆಮೇಲೆ ದಂಡು ಕಟ್ಟಿ ಗೆದ್ದು ಪಟ್ಟಕ್ಕೆ ಬಂದನಂತೆ. ಅವನು ಸತ್ತ ಮೇಲೆ ಹೆಂಡತಿಯೇ ಪಟ್ಟವೇರಿ, ಪರಿವಾರ ಕಟ್ಟಿಕೊಂಡು ಅದೇ ಬೆಟ್ಟಗಳಿಗೆ ಮತ್ತೆ ಮತ್ತೆ ಹೋದಳಂತೆ.

ನನ್ನ ಕೈ ನಿಂತಿತು.

“ಗಂಡ ಸತ್ತೋಳು ಹೋದ್ಲೇ? ಯಾತಕ್ಕೆ?”

“ರಾಜ್ಯ ನಮ್ದೇ ಅಂತ ಎಲ್ರಿಗೂ ತೋರಿಸೋಕೆ ಅಜ್ಜಿ. ದೇವ್ರಿಗೆ ಕೈಮುಗಿಯೋಕೂ ಇರ್ಬೋದು.”

“ಅವಳನ್ನ ಬಾ ಅಂತ ಕರೆದೋರು ಯಾರೇ?”

“ಅಯ್ಯೋ, ರಾಣೀನ ಯಾರ್ ಕರೀತಾರೆ? ಅವಳು ಹೊರಟ್ರೆ ಉಳಿದೋರು ಹಿಂದೆ ಹೋಗ್ಬೇಕು!”

ನಡೆದು ಹೋದಳೋ, ಪಲ್ಲಕ್ಕಿಯೋ, ಅಲ್ಲಿ ಹೋಗಿ ಅತ್ತಳೋ ಎಂದೆಲ್ಲ ಕೇಳಿ ನಿನ್ನ ಓದು ಕೆಡಿಸಿದೆ. ಅದೊಂದೂ ಪುಸ್ತಕದಲ್ಲಿ ಇರಲಿಲ್ಲ.

ಈ ಶ್ರಾವಣದಲ್ಲಿ ಮೆಟ್ಟಿಲ ಬಳಿ ನಾನೂ ಚಪ್ಪಲಿ ಬಿಟ್ಟೆ. ನಿಮ್ಮ ದೊಡ್ಡಜ್ಜಿ, ನನ್ನ ಹಿರಿ ವಾರಗಿತ್ತಿ, ತಿರುಗಿ ನೋಡಿದರು.

“ನೀನೂ ಬತ್ತೀಯೇನೇ? ಹತ್ತಲ್ಲ ಅಂತ ಹರಕೆ ಹೊತ್ತಿದ್ದೀಯ ಅಂದ್ಕೊಂಡಿದ್ವಲ್ಲೇ!”

“ನೀವು ಕರೀಲಿ ಅಂತ ಕಾಯ್ತಿದ್ದೆ ಅಕ್ಕ.”

“ಚೆನ್ನಾಗೈತೆ! ಇನ್ನು ಚಪ್ಪಲಿ ಕಾಯೋರು ಯಾರು?”

ಹಾಗೆಂದವರೇ ನನ್ನ ಕೈ ಹಿಡಿದು ಹತ್ತಿಸಿದರು. ತಾತ ಏದುಸಿರು ಬಿಡುತ್ತಾ ಕೂರುತ್ತಿದ್ದ ಬಂಡೆ ದಾರಿಯಲ್ಲಿ ಹಾಗೇ ಇತ್ತು. ನಾನೂ ಸ್ವಲ್ಪ ಹೊತ್ತು ಕೂತೆ. ಮೇಲಿನಿಂದ ನೋಡಿದರೆ ಎಲ್ಲೆಲ್ಲೂ ತೆಂಗಿನ ತೋಟ. ನಾನು ಒಂಬತ್ತು ವರ್ಷ ಕೂತ ಜಾಗ ಎಷ್ಟು ಹುಡುಕಿದರೂ ಕಾಣಲಿಲ್ಲ.

ನಾನು ತೀರಿಹೋದಾಗ ನೀವೂ ಬೆಟ್ಟ ಹತ್ತುವಂತಿಲ್ಲ. ಒಂದೇ ವರ್ಷ. ಆಮೇಲೆ ಯಾರಾದರೂ ಕರೆಯಲಿ ಎಂದು ಕಾಯಬೇಡಿ, ಒಬ್ಬರನ್ನೊಬ್ಬರು ಕರೆದುಕೊಂಡು ಹೋಗಿ. ಮರೆತೀರೆಂದು ಬರೆದಿಟ್ಟಿದ್ದೇನೆ. ಈ ಹಾಳೆಗಳನ್ನು ಆ ಜಪಾನಿನ ಪಾಠದ ನಡುವೆ ಜೋಪಾನವಾಗಿಡಿ. ಪುಸ್ತಕವನ್ನು ರದ್ದಿಗೆ ಹಾಕಬೇಡಿ.