ಔಡಲೆಣ್ಣೆ ಹಚ್ಚಿದ ಚೆಂಡು

ಹೋದ ವಾರ ಶನಿವಾರ ಪೇಟೆಯಲ್ಲಿ ನನ್ನ ಚಪ್ಪಲಿಯ ಬಾರು ಹರಿಯಿತು. ಮೂಲೆಯಲ್ಲಿ ಚಪ್ಪಲಿ ಹೊಲಿಯುವ ವಿಜಾಪುರ ಕಡೆಯವನೊಬ್ಬ ಹೊಸ ಬಾರು ಹಾಕಿ, ಅದಕ್ಕೆ ಔಡಲೆಣ್ಣೆ ತಿಕ್ಕಿದ. ಆ ವಾಸನೆಗೆ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳ ನೆನಪಾಯಿತು, ಅಲ್ಲಿಯ ಸಹಾಯಕ ತರಬೇತುದಾರರು ನೆನಪಾದರು. ಧಾರವಾಡ, ಬೆಳಗಾವಿ ಕಡೆಯಿಂದ ಆ ದೂರದ ಮರಾಠಿ ಊರಿಗೆ ಓದಲು ಬಂದಿದ್ದ ನಾವು ಅವರನ್ನು ಮಾಸ್ತರ ಎನ್ನುತ್ತಿದ್ದೆವು.

ಅವರು ನಮಗಿಂತ ಏಳೆಂಟು ವರ್ಷ ಹಿರಿಯರು. ಅದೇ ಕಾಲೇಜಿನ ತಂಡಕ್ಕೆ ಆಡಿದ್ದರಂತೆ, ಮುರುಮಿನ ಗರಸು ನೆಲದ ಮೇಲೆ ಬಿದ್ದು ಮೊಣಕಾಲು ಕೆಟ್ಟಿತಂತೆ. ಅವರು ಆಡಿದ್ದನ್ನು ನಾನು ನೋಡಿಲ್ಲ. ಆದರೂ ಅವರು ಬುಟ್ಟಿಯತ್ತ ಜಿಗಿಯುವ ಚಿತ್ರವೊಂದು ನನ್ನ ತಲೆಯಲ್ಲಿದೆ... ಎಲ್ಲಿಂದ ಬಂತೋ.

ಆಟ ಕಲಿಸುವವರು ಮುಖ್ಯ ತರಬೇತುದಾರರು; ಬೆಳಗಾವಿಯ ಹಿರಿಯರು, ಎಲ್ಲರಿಗೂ ಸಾಹೇಬರು. ಅಂಗಳಕ್ಕೆ ನೀರು ಹೊಡೆಸುವುದು, ಸುಣ್ಣದ ಗೆರೆ ಎಳೆಯುವುದು, ಚೆಂಡಿಗೆ ಔಡಲೆಣ್ಣೆ ತಿಕ್ಕಿ ನೋಡಿಕೊಳ್ಳುವುದು ಮಾಸ್ತರರ ಪಾಲಿಗೆ. ಆಗಿನ ಚರ್ಮದ ಚೆಂಡಿಗೆ ಒಂದು ಸೀಳು ಇರುತ್ತಿತ್ತು. ಒಳಗೆ ಬ್ಲ್ಯಾಡರ್ ತೂರಿಸಿ, ಗಾಳಿ ತುಂಬಿ, ಸೀಳನ್ನು ಚರ್ಮದ ದಾರದಿಂದ ಬಿಗಿಯಬೇಕು. ದಾರದ ತುದಿಯನ್ನು ಅವರು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ಮಡಿ ಮನೆಗಳಿಂದ ಬಂದ ನಮಗೆ ಅದು ನಗೆ.

“ಮಾಸ್ತರ, ಊಟ ಆತೇನ್ರಿ?”

“ಆತಲೇ. ನಿಮ್ಮವ್ವನ ಹೋಳಿಗಿಗಿಂತ ಮೆತ್ತಗ ಅದ.”

ಎಸೆಯುವ ಮುಂಚೆ ಚೆಂಡನ್ನು ತಿರುಗಿಸಿ, ದಾರ ಬೆರಳಿಗೆ ತಾಗದಂತೆ ಹಿಡಿಯಬೇಕು. ಇದೊಂದನ್ನು ಅವರು ಎಷ್ಟು ಸಲ ಹೇಳಿದ್ದರೋ.

ಆ ವರ್ಷ ಸಾಹೇಬರು ನಿವೃತ್ತರಾಗುವವರಿದ್ದರು. ಕಪ್ ಗೆದ್ದರೆ ಆ ಜಾಗ ಮಾಸ್ತರರಿಗೆ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಧಾರವಾಡದಿಂದ ಹೆಂಡತಿಯನ್ನು ಕರೆತರಲು ಮಾಸ್ತರರು ಕಾಲೇಜಿನ ಊರಿನಲ್ಲೇ, ನಾರಾಯಣ ಪೇಟೆಯಲ್ಲಿ, ಎರಡು ಖೋಲಿಯ ಬಾಡಿಗೆ ಮನೆ ನೋಡಿಟ್ಟಿದ್ದರು. ನನ್ನನ್ನೂ ಕರೆದೊಯ್ದು ತೋರಿಸಿದ್ದರು. “ಇಲ್ಲಿ ಒಲಿ, ಇಲ್ಲಿ ನೀರಿನ ಹಂಡೆ,” ಎಂದು ಬರಿ ಗೋಡೆಯತ್ತ ಬೆರಳು ಮಾಡಿದ್ದರು.

ಅಂತಿಮ ಪಂದ್ಯದ ಕೊನೆಯ ನಿಮಿಷದಲ್ಲಿ ನಾವು ಒಂದು ಅಂಕ ಹಿಂದಿದ್ದೆವು. ಎದುರಾಳಿಯ ಫೌಲಿಗೆ ನನಗೆ ಎರಡು ಎಸೆತ ಸಿಕ್ಕವು. ನಾನು ಚೆಂಡನ್ನು ತಿರುಗಿಸಿಕೊಳ್ಳಲಿಲ್ಲ. ದಾರ ಬೆರಳಿಗೆ ತಾಗಿ ಮೊದಲನೆಯದು ಹೊರಗೆ ಹೋಯಿತು. ಎರಡನೆಯದಕ್ಕೂ ತಿರುಗಿಸಲಿಲ್ಲ. ಅದೂ ಹೋಯಿತು, ಕಪ್ಪೂ ಹೋಯಿತು.

ಏನಾಯಿತು ಎಂದು ಸಾಹೇಬರು ಕೇಳಿದರು. “ದಾರ ಸಡ್ಲ ಇತ್ರಿ,” ಎಂದೆ.

ಮಾಸ್ತರರು ಚೆಂಡು ಎತ್ತಿಕೊಂಡು ದಾರದ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ನನ್ನತ್ತ ನೋಡಲಿಲ್ಲ.

“ಹೌದ್ರಿ ಸಾಹೇಬ್ರ, ಸಡ್ಲ ಅದ. ನಾನ ಕಟ್ಟಿದ್ದೆ.”

ಜಾಗ ಬೇರೊಬ್ಬರಿಗೆ ಹೋಯಿತು. ಮಾಸ್ತರರು ಧಾರವಾಡಕ್ಕೆ ಹೊರಟುಹೋದರು.

ಹೀಗೆಂದು ನನ್ನ ನೆನಪು. ಕಳೆದ ವರ್ಷ ತಂಡದ ಗೆಳೆಯನೊಬ್ಬನಿಗೆ ಕಾಗದ ಬರೆದು ಕೇಳಿದೆ. ನೀನು ಬಾಯೇ ತೆರೆಯಲಿಲ್ಲ, ಮಾಸ್ತರರೇ ತಾವಾಗಿ ಹೇಳಿದರು ಎಂದು ಅವನ ಉತ್ತರ. ಹಾಗಾದರೆ ನನಗೆ ಕೇಳಿಸುವ ನನ್ನ ದನಿ... ಸುಳ್ಳು ಹೇಳಿದೆನೋ, ಸುಮ್ಮನೆ ನಿಂತಿದ್ದೆನೋ, ಆ ಖೋಲಿಯಲ್ಲಿ ಅವರು ಒಲೆ ಹೂಡಲಿಲ್ಲ. ಮಾಸ್ತರರು ತೀರಿಕೊಂಡು ಮೂರು ವರ್ಷವಾಯಿತೆಂದು ಅದೇ ಕಾಗದದ ಕೊನೆಯಲ್ಲಿತ್ತು. ಓದಿ, ಮಡಚಿಟ್ಟು, ಊಟಕ್ಕೆ ಕೂತೆ. ಹಸಿವೂ ಇತ್ತು.

ಚಪ್ಪಲಿ ಹೊಲಿಯುವವ ಬಾರನ್ನು ಜಗ್ಗಿ ನನ್ನ ಮುಂದಿಟ್ಟ. “ನೋಡ್ರಿ ಸಾಹೇಬ್ರ, ಸಡ್ಲ ಅದೇನ್ರಿ?”

ಬಾಗಿ ಹೆಬ್ಬೆರಳು ಒತ್ತಿದೆ.

“ಬಿಗಿ ಅದ,” ಎಂದೆ. “ಅವತ್ತೂ ಬಿಗೀನ ಇತ್ತು.”

“ಯಾವತ್ತರಿ?” ಎಂದು ಕೇಳಿದ.

ಎಣ್ಣೆ ಬೆರಳಿಗೆ ಅಂಟಿತ್ತು. ಚಪ್ಪಲಿ ಮೆಟ್ಟಿಕೊಂಡು ನಡೆದೆ. ಆ ಮಾತು ಕೇಳಬೇಕಾದವರು ಈಗ ಇಲ್ಲ.