ಊಟದ ಕೋಣೆಯ ಗೋಡೆಯಲ್ಲಿ ಅರ್ವಿ

ನಮ್ಮಣ್ಣ ಅರ್ವಿ ಡುಲೂತ್‌ನ ಸರೋವರದ ಬಂದರಿನಲ್ಲಿ ಹಡಗುಗಳಿಗೆ ಕಬ್ಬಿಣದ ಅದಿರು ತುಂಬುತ್ತಿದ್ದ. ಒಂದು ದಿನ ಹಿಮ ಕಟ್ಟಿದ ಅಟ್ಟಣಿಗೆಯಿಂದ ಜಾರಿ ಸರೋವರಕ್ಕೆ ಬಿದ್ದ. ಹೆಣವೂ ಸಿಗಲಿಲ್ಲ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ. ಕ್ಯಾಮೆರಾ ಕಂಡರೆ ಹಬೆಸ್ನಾನದ ಸೌನಾ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ಆಸಾಮಿ.

ಅತ್ತಿಗೆ ವೆಂಡ್ಲಾ ಮದುವೆಗೆ ಮುಂಚೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವಳು. ಊರಿಗೆ ಊರೇ ಕೆಲಸವಿಲ್ಲದೆ ಕೂತ ಆ ವರ್ಷಗಳಲ್ಲಿ ಸರ್ಕಾರ ಚಿತ್ರಗಾರರಿಗೂ ಕೂಲಿ ಕೊಡತೊಡಗಿತು. ಅತ್ತಿಗೆಗೆ ಶಾಲೆಯ ಊಟದ ಕೋಣೆಯ ಗೋಡೆ ಸಿಕ್ಕಿತು. ಬಂದರಿನ ಆಳುಗಳು ಕೂತು ಕಾಫಿ ಕುಡಿಯುವ ಚಿತ್ರ ಬರೆದಳು. ನಡುವೆ ನೀಲಿ ಅಂಗಿಯ ಅರ್ವಿ. ನಾನು ಬುತ್ತಿ ತಗೊಂಡು ಹೋದರೆ, ಏಣಿ ಮೇಲೆ ನಿಂತು ಗೋಡೆಗೆ ಬೈಯುತ್ತಿದ್ದಳು:

"ಅಲ್ಲಾಡಬೇಡ ಮಾರಾಯ, ಮೂಗು ಸೊಟ್ಟ ಆಗತ್ತೆ!"

ಚಿತ್ರ ಮುಗಿದ ಮೇಲೆ, ದಾಖಲೆಗೆಂದು ಸರ್ಕಾರದ ಫೋಟೋಗ್ರಾಫರ್ ಪ್ರೆವಿಟ್ ಬಂದ.

"ಸ್ವಲ್ಪ ಪಕ್ಕಕ್ಕೆ ಬನ್ನಿ ಅಮ್ಮಾ, ಗೋಡೆ ಮಾತ್ರ ಬರಬೇಕು."

"ಗೋಡೆ ಅಲ್ಲ ಸ್ವಾಮಿ, ನನ್ನ ಗಂಡ. ನನಗೂ ಒಂದು ಪ್ರತಿ ಕೊಡ್ತೀರಾ?"

"ಎಲ್ಲಾ ವಾಷಿಂಗ್ಟನ್‌ಗೆ ಹೋಗತ್ತಮ್ಮಾ. ನನ್ನ ಕೈಯಲ್ಲಿಲ್ಲ," ಎಂದ. ಪಾಪ, ಅವನ ಮುಖವೂ ಸಣ್ಣಗಾಯಿತು.

ಪರವಾಗಿಲ್ಲ, ಗೋಡೆ ಇದೆಯಲ್ಲ ಎಂದು ಅತ್ತಿಗೆ ಸಮಾಧಾನ ಮಾಡಿಕೊಂಡಳು. ಪ್ರತಿ ಭಾನುವಾರ ಚರ್ಚಿನಿಂದ ಬರುವಾಗ ಶಾಲೆಯ ಕಿಟಕಿಯಲ್ಲಿ ಇಣುಕುವಳು. ಮರುವರ್ಷ ಬಂದರಿನಲ್ಲಿ ಮುಷ್ಕರವಾಯಿತು. "ಆಳುಗಳು ಕೈಕಟ್ಟಿ ಕೂತಿರೋದನ್ನ ನಮ್ಮ ಮಕ್ಕಳು ಯಾಕೆ ನೋಡಬೇಕು?" ಎಂದು ಶಾಲೆಯ ಯಜಮಾನರು ರಜದಲ್ಲಿ ಗೋಡೆಗೆ ಸುಣ್ಣ ಹೊಡೆಸಿಬಿಟ್ಟರು. ಅತ್ತಿಗೆಗೆ ಯಾರೂ ಹೇಳಲಿಲ್ಲ. ಕಿಟಕಿಯಲ್ಲೇ ಕಂಡಳು.

ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಕೂತಳು. "ಎರಡನೇ ಸಲ ಹೋದ ಕಣೇ ಐಲಿ," ಎಂದು ನನಗೆ ಹೇಳಿದಳು. ಆಮೇಲೆ ಕುಂಚ ಮುಟ್ಟಲಿಲ್ಲ. ಲಾಂಡ್ರಿಯಲ್ಲಿ ದುಡಿದು, ಎದೆ ಕಟ್ಟಿಕೊಂಡು, ಮಹಾಯುದ್ಧ ಮುಗಿಯುವ ಮೊದಲೇ ತೀರಿಕೊಂಡಳು.

ಯುದ್ಧ ಮುಗಿದ ಮೇಲೆ ನಾನು ವಾಷಿಂಗ್ಟನ್ನಿಗೆ ಹೋದೆ. ದಾಖಲೆ ಕಚೇರಿಯ ಹೆಂಗಸು ಪೆಟ್ಟಿಗೆ ಮೇಲೆ ಪೆಟ್ಟಿಗೆ ತೆಗೆದು, ಕೊನೆಗೂ ಆ ಫೋಟೋ ಹುಡುಕಿ ಪ್ರತಿ ಮಾಡಿಸಿಕೊಟ್ಟಳು. ಕಪ್ಪು ಬಿಳುಪು. ನೀಲಿ ಅಂಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ರೈಲಿನಲ್ಲಿ ಅದನ್ನು ಎದೆಗವಚಿಕೊಂಡು ಅಳುತ್ತಲೇ ಬಂದೆ.

ಅಮ್ಮನಿಗೆ ಆಗ ಕಣ್ಣು ಮಂಜು. ಕಿಟಕಿಯ ಹತ್ತಿರ ಹೋಗಿ, ಫೋಟೋವನ್ನು ಮೂಗಿಗೆ ತಾಗಿಸಿಕೊಂಡು ನೋಡಿದಳು.

"ಕಿವಿ ಇಷ್ಟು ದೊಡ್ಡದಿರಲಿಲ್ಲ ಅವನಿಗೆ," ಎಂದಳು. ನಾನು ವಾಪಸ್ ಇಸಕೊಳ್ಳಲು ಕೈ ಚಾಚಿದೆ.

"ಇರ್ಲಿ, ಬಿಡೇ," ಎಂದು ಗದರಿದಳು. ಕೊಡಲಿಲ್ಲ.